ಸುಲಗಾಯಿ ಹಂಗಾಮು

ಜನವರಿ 27

ಈ ಪುಸ್ತಕದಲ್ಲಿ ಆ ವಿಷಯ ಬರೆಯುವುದಿಲ್ಲ. ಒಂದೇ ಸಲ ಬರೆದು ಮುಗಿಸಿಬಿಡುತ್ತೇನೆ. ಇದು ನನ್ನ ಮೂರನೆಯ ಬಸಿರು. ಮೂರು ತಿಂಗಳಿಗೆ ಇನ್ನೂ ಒಂಬತ್ತು ದಿನವಿದೆ. ಮೊದಲನೆಯದು ಮೂರು ತಿಂಗಳಿಗೇ ಹೋಯಿತು. ಎರಡನೆಯದು ಹೋದ ವರ್ಷ, ಐದು ತಿಂಗಳು ನಾಲ್ಕು ದಿನಕ್ಕೆ. ಮೊನ್ನೆ ಒಂದಿಷ್ಟು ರಕ್ತ ಕಂಡಿತೆಂದು ಡಾಕ್ಟರ್ ಅಂಜುಮ ಅವರು ಮಂಚ ಬಿಟ್ಟು ಇಳಿಯಬಾರದು ಎಂದಿದ್ದಾರೆ. ಬಚ್ಚಲಿಗೆ ಹೋಗಬಹುದು, ಅಷ್ಟೆ. ಸಾಲೆಗೆ ರಜೆ ಬರೆದು ಕೊಟ್ಟಾಯಿತು. ಈ ಪುಸ್ತಕವೂ ಪಾಠದ ಟಿಪ್ಪಣಿ ಬರೆಯಲು ಸಾಲೆಯವರು ಕೊಟ್ಟದ್ದೇ.

ಇನ್ನು ಮೇಲೆ ಇಲ್ಲಿ ಬರೀ ತರಕಾರಿ ಬರೆಯುತ್ತೇನೆ. ಮಂಚದಿಂದ ನನಗೆ ಕಾಣುವುದು ಅದೊಂದೇ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮದು ಹಳೆಯ ಕಲ್ಲಿನ ಮನೆ. ಪಡಸಾಲೆಯ ಕಿಟಕಿ ಎಷ್ಟು ಅಗಲವೆಂದರೆ ಅದರ ಕಟ್ಟೆಯ ಮೇಲೆ ಒಬ್ಬರು ಕಾಲು ಚಾಚಿ ಕೂಡಬಹುದು. ನನ್ನ ಮಂಚವನ್ನು ಅದರ ಕೆಳಗೇ ಹಾಕಿದ್ದಾರೆ. ಅತ್ತೆ ರುದ್ರವ್ವ ಪೇಟೆಯಿಂದ ಬಂದವರು ಚೀಲ ಬಿಚ್ಚಿ ಎಲ್ಲವನ್ನೂ ಆ ಕಟ್ಟೆಯ ಮೇಲೆ ಸುರಿಯುತ್ತಾರೆ. ಮೊದಲು ಅಡುಗೆಮನೆಯಲ್ಲಿ ಸುರಿಯುತ್ತಿದ್ದರು.

ಇವತ್ತು ಬಂದದ್ದು: ಹಕ್ಕರಕಿ ಸೊಪ್ಪು, ಮೆಂತೆ, ಎಳೆ ಮೂಲಂಗಿ, ಒಂದು ಕಟ್ಟು ಹಸಿ ಕಡಲೆ ಗಿಡ. ಗಿಡದ ತುಂಬ ಕಾಯಿ. ನಮ್ಮ ಕಡೆ ಸುಲಗಾಯಿ ಎನ್ನುತ್ತೇವೆ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಜನವರಿ 31

ಹಕ್ಕರಕಿ ತೊಳೆದು, ಹಸಿಯದನ್ನೇ ರೊಟ್ಟಿಯ ಜೊತೆ ಕೊಟ್ಟರು. ಮೇಲೆ ಶೇಂಗಾ ಹಿಂಡಿ, ಎಣ್ಣೆ. ತಿಂದೆ. ನಾನು ನನಗಾಗಿ ಒಂದು ಕಾಯಿದೆ ಮಾಡಿಕೊಂಡಿದ್ದೇನೆ. ತಾನಾಗಿ ತಾಟಿಗೆ ಬಂದದ್ದನ್ನು ತಿನ್ನಬಹುದು. ಬೇಕು ಎಂದು ಬಾಯಿಬಿಟ್ಟು ಕೇಳಬಾರದು. ಮನಸ್ಸಿನಲ್ಲೂ ಕೇಳಬಾರದು. ಎರಡನೆಯದು ಬಹಳ ಕಷ್ಟ.

ಸುಲಗಾಯಿಗೆ ಈ ಕಾಯಿದೆಯೂ ಇಲ್ಲ. ಅದನ್ನು ಮುಟ್ಟುವುದೇ ಇಲ್ಲ.

ಫೆಬ್ರವರಿ 5

ನಮ್ಮ ಅತ್ತೆಗೆ ಸಂತೆಯ ಹುಚ್ಚು ಹಿಡಿದಿದೆ. ಮನೆಯಲ್ಲಿ ತಿನ್ನುವವರು ನಾನು, ನನ್ನ ಗಂಡ ಅರುಣಕುಮಾರ, ಅತ್ತೆ, ಮೂರೇ ಜನ. ತರಕಾರಿ ನೋಡಿದರೆ ಮದುವೆ ಮನೆ. ಗುಡಿಯ ಹತ್ತಿರದ ಪೇಟೆಗೆ ದಿನಾ ಹೋಗುತ್ತಾರೆ. ಅದು ಸಾಲದು ಎಂದು ಸಂತೆಯ ದಿನ ಬಸ್ಸು ಹತ್ತಿ ಬಬಲೇಶ್ವರಕ್ಕೂ ಹೋಗಿ ಬಂದರು. ಅರವತ್ತೆರಡು ವಯಸ್ಸು, ಎರಡೂ ಮೊಣಕಾಲು ನೋವು. ಬಂದವರು ಉಸಿರು ಬಿಡುತ್ತ ಕಟ್ಟೆಯ ಮೇಲೆ ಒಂದೊಂದನ್ನೇ ಇಟ್ಟರು. ಬದನೆಕಾಯಿ ನಾಲ್ಕು, ಅವರೆಕಾಯಿ ಒಂದು ಹಿಡಿ, ಗಜ್ಜರಿ ಎರಡು, ಬಾರಿಹಣ್ಣು ಒಂದು ಹಿಡಿ, ಪೇರಲಹಣ್ಣು ಒಂದೇ ಒಂದು. ಎಲ್ಲವೂ ಚೂರು ಚೂರು. ಯಾವುದನ್ನೂ ಒಂದು ಹೊತ್ತಿನ ಪಲ್ಯಕ್ಕೆ ಸಾಕಾಗುವಷ್ಟು ತಂದಿಲ್ಲ.

ಗಂಡ ಸಂಜೆ ಅಂಗಡಿಯಿಂದ ಬಂದು ನೋಡಿ ನಕ್ಕರು. ಅವರದು ಹೊಲಕ್ಕೆ ನೀರು ಹನಿಸುವ ಪೈಪಿನ ಅಂಗಡಿ. ದಿನವೆಲ್ಲ ರೈತರ ಜೊತೆ ಮಾತಾಡಿ ಬರುತ್ತಾರೆ.

"ಯವ್ವಾ, ಒಂದ್ ಪೇರು ತಂದೀಯಲ್ಲ, ಯಾರಿಗೆ?"

"ಯಾರರೆ ತಿಂತಾರ ಬಿಡೋ" ಎಂದರು ಅತ್ತೆ. ನನ್ನ ಕಡೆ ನೋಡಲಿಲ್ಲ.

ಬೇರೆಯವರ ಅತ್ತೆಯರು ಬಸುರಿ ಸೊಸೆಯನ್ನು ಏನು ಬೇಕು, ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಕೇಳುತ್ತಾರೆ. ಇವರು ಒಂದು ದಿನವೂ ಕೇಳಿಲ್ಲ. ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ, ಆ ಮಾತು ಬೇರೆ. ಪೇರು ನಾನೇ ತಿಂದೆ. ಕಣ್ಣೆದುರಿಗೇ ಇತ್ತು.

ಫೆಬ್ರವರಿ 6

ಮಧ್ಯಾಹ್ನದ ಜೋಂಪಿನಲ್ಲಿ ಒಂದು ಕನಸು. ನನ್ನ ಮಂಚ ಎರೆಹೊಲದ ನಡುವೆ ನಿಂತಿತ್ತು. ಸುತ್ತ ಕಡಲೆಯ ಬೆಳೆ, ಬೆಳಗಿನ ಮಂಜು. ಕಡಲೆ ಎಲೆಯ ಮೇಲಿನ ಮಂಜು ಹುಳಿಯಾಗಿರುತ್ತದೆ. ನಾನು ಕೈ ಇಳಿಬಿಟ್ಟಿದ್ದೆ, ಅಂಗೈ ತುಂಬ ಹನಿ ಕೂತಿತ್ತು. ನೆಕ್ಕಬೇಕು ಎನ್ನುವಷ್ಟರಲ್ಲಿ ಓಣಿಯಲ್ಲಿ ಪರಸವ್ವ "ಪಲ್ಲೇ" ಎಂದು ಕೂಗಿದಳು, ಎಚ್ಚರವಾಯಿತು. ಪರಸವ್ವ ನಿಡೋಣಿಯಿಂದ ಬಂದು ನಮ್ಮ ಓಣಿಯಲ್ಲಿ ಸೊಪ್ಪು ಮಾರುವಾಕೆ.

ಕನಸಿನಲ್ಲಿ ಕೇಳಿದರೆ ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿಯದು.

ಫೆಬ್ರವರಿ 11

ಮತ್ತೆ ಸುಲಗಾಯಿ. ಇಂದಿಗೆ ಎಂಟನೆಯ ಕಟ್ಟು. ನನಗೆ ಸಿಟ್ಟು ಬಂದಿದೆ, ಬರೆಯಲೇಬೇಕು.

ಹೋದ ವರ್ಷ ಇದೇ ತಿಂಗಳು. ಐದು ತಿಂಗಳು ತುಂಬಿದ ಮಾರನೆಯ ದಿನ ನಾನೇ ಕೇಳಿದ್ದೆ. "ಅತ್ತೀ, ಸುಲಗಾಯಿ ತಿನಬೇಕು ಅನಸಾಕತ್ತೈತ್ರಿ." ಅತ್ತೆಗೆ ಎಷ್ಟು ಸಂತೋಷವಾಗಿತ್ತೆಂದರೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಪೇಟೆಯಲ್ಲಿ ಅವತ್ತೇ ಸಿಗುತ್ತಿತ್ತು. ಆದರೆ ನಿಡೋಣಿ ಅವರ ತವರು. ಅವರ ಅಣ್ಣನ ಹೊಲದ ಕಡಲೆಯ ಮುಂದೆ ಬೇರೆಯದೆಲ್ಲ ಅವರಿಗೆ ಕಸ. "ಇಲ್ಲಿವು ಬಾಡಿರ್ತಾವು ಬೇ. ಇನ್ನ ಮೂರ್ ದಿನಕ್ಕ ಬಬಲೇಶ್ವರ ಸಂತಿ ಐತಿ. ಅಣ್ಣ ಸಂತಿಗೆ ತರ್ತಾನ. ಸಂತಿ ದಿನ ಮಟಾ ತಡಿ" ಎಂದಿದ್ದರು.

ಸಂತೆಯ ದಿನ ನಾನು ದವಾಖಾನೆಯಲ್ಲಿದ್ದೆ. ಎರಡು ದಿನ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಮನೆಗೆ ಬಂದಾಗ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಆ ಕಟ್ಟು ಹಾಗೇ ಬಿದ್ದಿತ್ತು. ಅವರ ಅಣ್ಣ ಯಾರದೋ ಜೀಪಿನಲ್ಲಿ ಕಳಿಸಿದ್ದರಂತೆ. ಬಿಸಿಲಿಗೆ ಒಣಗಿ ಎಲೆ ಉದುರಿದ್ದವು.

ನಾನು ಬೇಡಿದೆ, ಅದಕ್ಕೇ ಹಾಗಾಯಿತು. ಡಾಕ್ಟರ್ ಅಂಜುಮ ಅವರು ಹಾಗಲ್ಲ ಎಂದು ಮೂರು ಸಲ ಹೇಳಿದ್ದಾರೆ. ಅವರು ಓದಿದವರು, ನಾನೂ ಓದಿದವಳೇ. ಆದರೂ ನನಗೆ ಹಾಗೇ ಅನ್ನಿಸುತ್ತದೆ. ಇಷ್ಟೆಲ್ಲ ನಡೆದಿರುವಾಗ ಮತ್ತೆ ಅದನ್ನೇ ತಂದು ನನ್ನ ತಲೆಯ ಹತ್ತಿರ ಇಡುತ್ತಾರಲ್ಲ, ಈ ಮನುಷ್ಯರಿಗೆ ನೆನಪೇ ಇಲ್ಲವೆ.

ಫೆಬ್ರವರಿ 12

ಮೂಲಂಗಿ. ಬರೆಯಲು ಮನಸ್ಸಿಲ್ಲ.

ಫೆಬ್ರವರಿ 23

ತಿಕೋಟಾದಿಂದ ಅಪ್ಪ ಬಂದಿದ್ದರು. ಎರಡು ಟ್ರೇ ದ್ರಾಕ್ಷಿ ತಂದಿದ್ದರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಮಂಚದ ಪಕ್ಕದಲ್ಲಿ ಕೂತರು. "ಹೆಂಗದಿ?" ಎಂದು ಕೇಳಲು ಅವರಿಗೆ ಆಗುತ್ತಿಲ್ಲ. "ಆರಾಮ ಅದೇನಿ" ಎನ್ನಲು ನನಗೂ ಆಗುತ್ತಿಲ್ಲ. ಒಂದು ತಾಸು ದ್ರಾಕ್ಷಿಯ ಬಗ್ಗೆಯೇ ಮಾತಾಡಿದೆವು. ತೋಟದಲ್ಲಿ ಕಟಾವು ನಡೆದಿದೆ. ಒಣದ್ರಾಕ್ಷಿಯ ಶೆಡ್ಡು ತುಂಬಿದೆ. ಹಸಿರು ಜಾಳಿಗೆಯ ಮೇಲೆ ಗೊಂಚಲು ಹರಡಿದ್ದಾರೆ.

"ಹರವಿದ ಮ್ಯಾಲ ಕೈ ಹಚ್ಚಬಾರದು ಯವ್ವಾ. ಹದಿನೈದಿಪ್ಪತ್ತು ದಿನ ಅವು ತಮ್ಮ ಪಾಡಿಗೆ ತಾವು ಇರಬೇಕು. ಘಳಿಗಿಗೊಮ್ಮೆ ಹೋಗಿ ನೋಡಿದ್ರ ಏನೂ ಲಗೂನ ಒಣಗಂಗಿಲ್ಲ. ಆದ್ರೂ ನಾ ನೋಡಾಕ ಹೋಗ್ತೀನಿ" ಎಂದರು ಅಪ್ಪ.

ಹೊರಡುವಾಗ ನನ್ನ ಪಾದದ ಮೇಲೆ ಹೊದಿಕೆ ಸರಿಮಾಡಿದರು. ಅಪ್ಪನಿಗೆ ಬೇಸರವಾಗಬಾರದೆಂದು ನಾಲ್ಕು ದ್ರಾಕ್ಷಿ ತಿಂದೆ. ಅವರು ಹೋದ ಮೇಲೆ ಒಂದು ಗೊಂಚಲು ತಿಂದೆ. ಬೆಳಕಿಗೆ ಹಿಡಿದರೆ ಒಳಗಿನ ಬೀಜದ ಗೆರೆ ಕಾಣುತ್ತಿತ್ತು, ಹಣ್ಣೊಳಗೆ ಇನ್ನೊಂದು ಬೆಳಕು ಇದ್ದಂತೆ. ಮಧ್ಯಾಹ್ನವೆಲ್ಲ ಹಿಡಿದು ನೋಡುತ್ತಲೇ ಇದ್ದೆ, ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ. ಎದ್ದಾಗ ಕೈಯಲ್ಲಿ ಒಂದು ದ್ರಾಕ್ಷಿ ಬೆಚ್ಚಗೆ ಇತ್ತು.

ಮಾರ್ಚ್ 6

ಇವತ್ತು ನಕ್ಕು ನಕ್ಕು ಸಾಕಾಯಿತು. ಹೊಟ್ಟೆ ಅಲುಗಬಾರದೆಂದು ಬಾಯಿ ಮುಚ್ಚಿಕೊಂಡು ನಕ್ಕೆ.

ಊಟದ ಹೊತ್ತಿಗೆ ಕಿಟಕಿಯ ಹೊರಗೆ ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಬಂದು ನಿಂತ. ಹೆಸರು ಸಂಗನಬಸವ ಅಂತೆ. ಕಟ್ಟೆಯ ಮೇಲಿನ ತರಕಾರಿಯನ್ನು ಭಕ್ತಿಯಿಂದ ನೋಡಿ, "ಇಲ್ಲಿ ಹೊಸಾ ಖಾನಾವಳಿ ಚಾಲೂ ಆಗೈತೆಂತಲ್ರೀ? ಊಟ ಐತೇನ್ರಿ?" ಎಂದ.

ನಾನು ಬಸುರಿ ಎಂದು ಅತ್ತೆ ಈ ಸಲ ಯಾರಿಗೂ ಹೇಳಿಲ್ಲ. ಬೆನ್ನುನೋವು, ಅದಕ್ಕೆ ಮಲಗಿದ್ದಾಳೆ ಎಂದಿದ್ದಾರೆ. ಹಾಗಿದ್ದ ಮೇಲೆ ದಿನಾ ಎರಡು ಚೀಲ ತರಕಾರಿ ಯಾಕೆ ಬರುತ್ತದೆ ಎಂದು ಓಣಿಯವರು ತಾವೇ ಒಂದು ಉತ್ತರ ಕಂಡುಕೊಂಡಿದ್ದಾರೆ. ಅತ್ತೆ ಒಳಗಿನಿಂದ ಬಂದರು. ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಖಾನಾವಳಿ ಅಲ್ಲೋ ಯಪ್ಪಾ. ಆದ್ರ ಹಸದು ಬಂದಿ, ಕೂಡು. ಪಲ್ಲೆ ಭಾಳ ಉಳದಾವು."

ನಾಲ್ಕು ರೊಟ್ಟಿ, ಎಣ್ಣೆಗಾಯಿ, ಮೆಂತೆ ಪಲ್ಯ, ಹಸಿ ಉಳ್ಳಾಗಡ್ಡಿ, ಮೊಸರು. ತಲೆ ಎತ್ತದೆ ಉಂಡ. ಇದು ಖಾನಾವಳಿಯೇ ಎಂದು ಅವನಿಗೆ ಖಾತ್ರಿಯಾಗಿರಬೇಕು, "ನಾಳೆ ಎಷ್ಟ ಗಂಟೇಕ ಬರ್ಲಿ?" ಎಂದು ಕೇಳಿಯೇ ಹೋದ. ಅವನು ಹೋದ ಮೇಲೆ ಅತ್ತೆ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಹೋದ ವರ್ಷದಿಂದ ಈಚೆಗೆ ನಾವಿಬ್ಬರೂ ಕೂಡಿ ನಕ್ಕದ್ದು ಇವತ್ತೇ ಇರಬೇಕು.

ಮಾರ್ಚ್ 14

ಬಿಸಿಲು ಜೋರಾಗಿದೆ. ಕಟ್ಟೆಯ ಬಣ್ಣ ಬದಲಾಗಿದೆ. ಹೋದ ತಿಂಗಳು ಎಲ್ಲ ಹಸಿರು, ಈಗ ಕಲ್ಲಂಗಡಿ, ಟೊಮೆಟೊ, ಎಳೆ ಹುಣಸೆಕಾಯಿ. ಬೆಳಿಗ್ಗೆ ಹತ್ತಕ್ಕೇ ಅತ್ತೆ ಕಿಟಕಿಗೆ ಹಸಿ ಮಾಡಿದ ಧೋತರ ಕಟ್ಟುತ್ತಾರೆ. ಕೋಣೆಯೊಳಗೆ ನೀರಿನ ಅಡಿಯಲ್ಲಿ ಮಲಗಿದ ಹಾಗೆ ತಣ್ಣಗಿನ ಬೆಳಕು. ನಾನು ಅದರಲ್ಲಿ ಮುಳುಗುತ್ತ ಏಳುತ್ತ ಇರುತ್ತೇನೆ. ಎಷ್ಟು ಗಂಟೆ, ಯಾವ ವಾರ, ಒಂದೂ ನೆನಪಿರುವುದಿಲ್ಲ. ಇವತ್ತಿನ ಪಲ್ಯ ಯಾವುದೆಂದು ಕೇಳಿದರೆ ಮಾತ್ರ ಹೇಳಬಲ್ಲೆ.

ಪರಸವ್ವ ಕಿಟಕಿಯ ಹತ್ತಿರ ಬುಟ್ಟಿ ಇಳಿಸಿ ಹೇಳಿದಳು. "ಸುಲಗಾಯಿ ಹಂಗಾಮ ಮುಗೀತ್ರಿ ಅಕ್ಕಾರ. ನಿಡೋಣ್ಯಾಗ ಕಡ್ಲಿ ಕಿತ್ತು ರಾಶಿ ಮಾಡ್ಯಾರ. ಇನ್ನ ಬರೂ ವರ್ಷಾನ."

ಪೀಡೆ ಕಳೆಯಿತು ಎಂದುಕೊಂಡೆ. ಹಾಗೆ ಅನ್ನಿಸಬೇಕಿತ್ತು. ಸಂಜೆ ಹೊದಿಕೆ ಝಾಡಿಸುವಾಗ ಮಡಿಕೆಯಿಂದ ಒಂದು ಕಾಯಿ ಬಿತ್ತು. ಎಷ್ಟು ದಿನದ ಹಿಂದಿನದೋ, ಅರ್ಧ ಒಣಗಿತ್ತು. ಅತ್ತೆ ಒಳಗಿದ್ದರು. ಸುಲಿದೆ. ಎರಡು ಕಾಳು. ಗಟ್ಟಿಯಾಗಿದ್ದವು, ಆದರೂ ಸಿಪ್ಪೆಯ ಹುಳಿ, ಉಪ್ಪು ನಾಲಗೆಗೆ ಹತ್ತಿತು.

ಇದನ್ನು ತಿಂದೆ ಎಂದು ಬರೆದಿಲ್ಲ. ಸುಲಿದೆ ಎಂದಷ್ಟೇ ಬರೆದಿದ್ದೇನೆ.

ಮಾರ್ಚ್ 25

ಮಧ್ಯಾಹ್ನ ಕಲ್ಲಂಗಡಿಯ ಹೋಳು ತಿನ್ನುತ್ತಿದ್ದೆ. ಹೊಟ್ಟೆಯೊಳಗಿನಿಂದ ಯಾರೋ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಹೋಳು ಹಿಡಿದುಕೊಂಡೇ ಇದ್ದೆ, ರಸ ಮೊಣಕೈವರೆಗೆ ಇಳಿಯಿತು. ಇನ್ನೊಮ್ಮೆ ತಟ್ಟಿತು. ಅತ್ತೆಯನ್ನು ಕರೆಯಲಿಲ್ಲ. ಆದರೆ ಅವರು ಬಾಗಿಲಲ್ಲಿ ನಿಂತಿದ್ದರು, ನನ್ನ ಮುಖ ನೋಡಿದರು. ಏನೂ ಕೇಳದೆ ಇನ್ನೊಂದು ಹೋಳು ಕೊಯ್ದು ತಂದಿಟ್ಟರು.

ಇದು ತರಕಾರಿಯ ವಿಷಯವಲ್ಲ. ಕಲ್ಲಂಗಡಿ ಬಂದದ್ದರಿಂದ ಬರೆದೆ.

ಮಾರ್ಚ್ 30, ಯುಗಾದಿ

ಓಣಿಯ ತುದಿಯ ಬೇವಿನ ಮರ ಹೂ ಬಿಟ್ಟಿದೆ, ಗಾಳಿ ಬಂದಾಗಲೆಲ್ಲ ಆ ಕಹಿ ಸಿಹಿ ವಾಸನೆ ಮಂಚದವರೆಗೆ ಬರುತ್ತದೆ. ಅತ್ತೆ ಬೇವು ಮಾಡಿದರು. ಬೇವಿನ ಹೂ, ಬೆಲ್ಲ, ಹುಣಸೆ ಹಣ್ಣು, ಮಾವಿನಕಾಯಿ ಚೂರು, ಪುಟಾಣಿ ಹಿಟ್ಟು, ಅಪ್ಪನ ಶೆಡ್ಡಿನ ಹೊಸ ಒಣದ್ರಾಕ್ಷಿ. ತಣ್ಣೀರಿನಲ್ಲಿ ಕಲಸಿ ದೊಡ್ಡ ಪಾತ್ರೆಯ ತುಂಬ. ಸಂಗನಬಸವ ಮೂರು ಲೋಟ ಕುಡಿದ. ಹಬ್ಬಕ್ಕೂ ಊರಿಗೆ ಹೋಗದೆ ಇಲ್ಲೇ ಉಳಿದ ಅವನನ್ನು ನೋಡಿದರೆ ನನಗೆ ಅನುಮಾನ, ಅವನಿಗೆ ಬ್ಯಾಂಕಿಗಿಂತ ನಮ್ಮ ಮನೆಯ ಮೇಲೆ ಪ್ರೀತಿ ಹೆಚ್ಚಾಗಿದೆ.

ಗಂಡ ಲೋಟ ಹಿಡಿದು ಮಂಚದ ತುದಿಗೆ ಕೂತರು. "ಮುಂದಿನ ಯುಗಾದಿಗೆ..." ಎಂದು ಏನೋ ಹೇಳಲು ಹೊರಟರು. ನಾನು ಅವರ ಬಾಯಿ ಮುಚ್ಚಿದೆ. ಅತ್ತೆಯೂ ಅದೇ ಹೊತ್ತಿಗೆ ಅಡುಗೆಮನೆಯಿಂದ "ಸುಮ್ನಿರೋ" ಎಂದರು. ಇಬ್ಬರದೂ ಒಂದೇ ಸಲ. ಅವರು ಕಂಗಾಲಾಗಿ ಬೇವು ಕುಡಿದರು.

ಏಪ್ರಿಲ್ 5

ಬದನೆಕಾಯಿ. ಇಂದಿಗೆ ಐದು ತಿಂಗಳು.

ಏಪ್ರಿಲ್ 6

ನುಗ್ಗೆಕಾಯಿ. ಕೂಸು ಬೆಳಿಗ್ಗೆ ಆಡಿತು.

ಏಪ್ರಿಲ್ 7

ಏನು ಬಂತೋ ನೋಡಲಿಲ್ಲ. ಬೆಳಿಗ್ಗೆ ಎರಡು ಸಲ, ಮಧ್ಯಾಹ್ನ ನಾಲ್ಕು ಸಲ, ಸಂಜೆ ಒಂದು ಸಲ.

ಏಪ್ರಿಲ್ 8

ಡಾಕ್ಟರ್ ಅಂಜುಮ ಅವರು ತಾವೇ ಮನೆಗೆ ಬಂದಿದ್ದರು. "ಎಲ್ಲಾ ಛಲೋ ಐತಿ. ಇನ್ನ ಸಾವಕಾಶ ಮನ್ಯಾಗ ಅಡ್ಡಾಡ್ರಿ" ಎಂದರು. ನಾನು ಅಡ್ಡಾಡಲಿಲ್ಲ. ನಾಳೆ ಕಳೆಯಲಿ.

ಏಪ್ರಿಲ್ 9

ಐದು ತಿಂಗಳು ನಾಲ್ಕು ದಿನ.

ಅತ್ತೆ ಇವತ್ತು ಪೇಟೆಗೆ ಹೋಗಲಿಲ್ಲ. ದಿನವೆಲ್ಲ ಮಂಚದ ಕಾಲ ಬಳಿ ಕೂತು ಅಕ್ಕಿ ಆರಿಸಿದರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದರು. ಕಟ್ಟೆ ಖಾಲಿ ಇತ್ತು. ಈ ವರ್ಷ ಅದು ಖಾಲಿ ಇದ್ದದ್ದನ್ನು ನಾನು ನೋಡಿರಲಿಲ್ಲ.

ಏಪ್ರಿಲ್ 10

ಬೆಳಗಾಯಿತು. ಕೂಸು ಒದೆಯಿತು. ಇದು ತಟ್ಟುವುದಲ್ಲ, ಒದೆಯುವುದೇ.

ಅತ್ತೆ ಇನ್ನೂ ಬಿಸಿಲೇರುವ ಮೊದಲೇ ಪೇಟೆಗೆ ಹೋಗಿ ಬಂದರು. "ಸವತಿಕಾಯಿ ಭಾಳ ಎಳೇವು ಬಂದಾವು" ಎಂದರು. ಮತ್ತೆ "ಭಾಳ ಎಳೇವು" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಸವತೆಕಾಯಿಗೆ ಯಾರಾದರೂ ಅಷ್ಟು ಅಳುತ್ತಾರೆಯೆ. ನಾನೂ ಅತ್ತುಬಿಟ್ಟೆ.

ಏಪ್ರಿಲ್ 11

ನಿಧಾನವಾಗಿ ಬರೆಯುತ್ತೇನೆ. ಇವತ್ತಿನದು ತಪ್ಪಿಸಿಕೊಳ್ಳಬಾರದು.

ಮಧ್ಯಾಹ್ನ ಮೂರರ ಹೊತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ, ಅಷ್ಟು ಬಿಸಿಲು. ಅತ್ತೆ ಪರಸವ್ವನನ್ನು ಒಳಗೆ ಕರೆದು ಬಾಗಿಲ ಅಗಳಿ ಹಾಕಿದರು. ನನ್ನನ್ನು ಎಬ್ಬಿಸಿ ಮಣೆಯ ಮೇಲೆ ಕೂಡಿಸಿದರು. ಅವರ ಟ್ರಂಕಿನಿಂದ ಹಸಿರು ಸೀರೆ ಬಂತು, ಹಸಿರು ಬಳೆ ಬಂದವು. ಆಗ ತಿಳಿಯಿತು, ಇದು ಕಳ್ಳ ಕುಬುಸ. ಬಂಧು ಬಳಗವನ್ನೆಲ್ಲ ಕರೆದು ಮಾಡುವ ಕುಬುಸಕ್ಕೆ, ಅಂದರೆ ಸೀಮಂತಕ್ಕೆ ಮೊದಲು, ಹೊರಗಿನ ಕಣ್ಣಿಗೆ ಬೀಳದಂತೆ ಕದ್ದು ಮಾಡುವುದು. ಬಸುರಿಗೂ ಮೊದಲೇ ಹೇಳುವುದಿಲ್ಲ.

ಪರಸವ್ವ ಬಳೆ ಏರಿಸಿದಳು. ಅತ್ತೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು ಹಾಕಿದ ಮೇಲೂ ಅವರ ಕೈ ನಿಲ್ಲಲಿಲ್ಲ. ಮಾವಿನಕಾಯಿ ಎರಡು, ನಿಂಬೆಹಣ್ಣು, ಒಂದು ಗೊಂಚಲು ದ್ರಾಕ್ಷಿ, ಎಳೆ ಸವತೆಕಾಯಿ, ಕರಿಬೇವಿನ ಒಂದು ಎಸಳು. ಕಟ್ಟೆಯ ಮೇಲಿದ್ದದ್ದೆಲ್ಲ ಒಂದೊಂದಾಗಿ ನನ್ನ ಸೆರಗಿಗೆ ಬಂತು. ಭಾರಕ್ಕೆ ಸೆರಗು ಜಗ್ಗಿತು. ಪರಸವ್ವ ನಕ್ಕಳು.

"ಸಾಕ್ರಿ ಯವ್ವಾರ, ಸಂತೀನ ಸುರೀತೀರೇನ?"

ಅತ್ತೆ ನಗಲಿಲ್ಲ. ನನ್ನ ಮುಂದೆ ಕೂತು, ನನ್ನ ಉಡಿಯನ್ನೇ ನೋಡುತ್ತ ಹೇಳಿದರು.

"ಹ್ವಾದ ಸಲ ನೀ ಬಾಯಿ ಬಿಟ್ಟು ಒಂದು ಬೇಡಿದಿ. ಪ್ಯಾಟ್ಯಾಗ ಅವತ್ತ ಸಿಗತಿತ್ತು. ನಾ ನನ್ನ ತವರಿನ ದೊಡ್ಡಸ್ತಿಕಿ ಹೇಳಿ ಸಂತಿ ದಿನ ಮಟಾ ತಡಿ ಅಂದೆ. ಬಸುರಿ ಬಯಕೀನ ತಡದು ನಿಲ್ಲಿಸಿದೆ. ಸಂತಿ ದಿನ ಬಂತು, ಕೂಸು ಇರಲಿಲ್ಲ."

"ಅತ್ತೀ, ಹಂಗಲ್ರಿ..."

"ನಾ ಹೇಳೂದು ಮುಗೀಲಿ ಬೇ. ಈ ಸಲ ನಿನ್ನ ಕೇಳಾಕ ನನಗ ಧೈರ್ಯ ಆಗಲಿಲ್ಲ. ಕೇಳಿದ್ರ ನೀ ಹೇಳ್ತಿ. ಹೇಳಿದ್ದು ಅವತ್ತ ಸಿಗಲಿಲ್ಲಂದ್ರ ನಾ ಏನ್ ಮಾಡ್ಲಿ? ಅದಕ್ಕ ನೀ ಬೇಡೂದರೊಳಗ ಎಲ್ಲಾ ತಂದು ನಿನ್ನ ಕಣ್ಣ ಮುಂದ ಇಟ್ರ ಆತು ಅಂತ ತಿರಗಿದೆ. ಸುಲಗಾಯಿ ಅಂತೂ ಹಂಗಾಮ ಮುಗಿಯೂ ಮಟಾ ತಂದೆ. ನೀ ಒಂದೂ ಮುಟ್ಟಲಿಲ್ಲ. ನಾ ಏನೂ ಅನ್ನಲಿಲ್ಲ. ಮುಟ್ಟದಿದ್ರೂ ಇರ್ಲಿ, ಬೇಕಂದಾಗ ಇಲ್ಲ ಅನಸಬಾರದು ಅಂತ."

ನಾನು ಬೇಡಿದ್ದೇ ತಪ್ಪು ಎಂದು ನಾನು ಒಂದು ವರ್ಷ ಅಂದುಕೊಂಡಿದ್ದೆ. ತಡಿ ಎಂದದ್ದೇ ತಪ್ಪು ಎಂದು ಅವರು ಒಂದು ವರ್ಷ ಅಂದುಕೊಂಡಿದ್ದರು. ಒಂದೇ ಮನೆಯಲ್ಲಿ, ಒಂದೇ ಕಿಟಕಿಯ ಕೆಳಗೆ. ಎಂಟನೆಯ ಕಟ್ಟು ಬಂದ ದಿನ ನಾನು ಈ ಪುಸ್ತಕದಲ್ಲಿ ಏನೆಂದು ಬರೆದಿದ್ದೇನೆ ಎಂದು ನೆನಪಾಗಿ ನಾಚಿಕೆಯಾಯಿತು. ಆ ಸಾಲು ಹೊಡೆದು ಹಾಕುವುದಿಲ್ಲ, ಇರಲಿ.

ಉಡಿಯಲ್ಲಿ ಅಷ್ಟೆಲ್ಲ ಇದ್ದದ್ದರಿಂದ ಅವರನ್ನು ತಬ್ಬಿಕೊಳ್ಳಲು ಆಗಲಿಲ್ಲ. ಅವರ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಕೂಸು ಒದೆಯಿತು. ಅತ್ತೆ ಕೈ ತೆಗೆಯದೆ ಕೂತಿದ್ದರು, ಪರಸವ್ವ ಎದ್ದು ಹೋಗಿ ತಾನೇ ಮೂವರಿಗೂ ಚಹಾ ಮಾಡಿ ತಂದಳು.

ಏಪ್ರಿಲ್ 20

ಇವತ್ತು ಹೊರಗೆ ಹೋಗಿದ್ದೆ.

ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಅತ್ತೆಯ ತೋಳು ಹಿಡಿದು ಗುಡಿಯ ಹತ್ತಿರದ ಪೇಟೆಯವರೆಗೆ ನಡೆದೆ. ಮೂರು ತಿಂಗಳ ಮೇಲೆ ಅಂಗಾಲಿಗೆ ಕಲ್ಲಿನ ಹಾಸು ಸಿಕ್ಕಿತು. ಎಲ್ಲವೂ ಕನಸಿನಲ್ಲಿ ನೋಡಿದ್ದಕ್ಕಿಂತ ದೊಡ್ಡದಾಗಿ, ತೊಳೆದಿಟ್ಟಂತೆ ಇತ್ತು. ರಾಜಗಿರಿ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದರು. ಮಾವಿನಕಾಯಿಯ ಸೊನೆ ವಾಸನೆ, ಕೊತ್ತಂಬರಿ ವಾಸನೆ, ಗುಡಿಯ ಕಡೆಯಿಂದ ಊದಿನಕಡ್ಡಿ. ದ್ರಾಕ್ಷಿ ಕಡಿಮೆಯಾಗಿದೆ, ಉಳಿದದ್ದು ಜೇನಿನ ಬಣ್ಣಕ್ಕೆ ತಿರುಗಿದೆ. ಮೊದಲ ಮಾವಿನಹಣ್ಣು ಬಂದಿವೆ. ನಾನು ಒಂದೊಂದು ರಾಶಿಯ ಮುಂದೆಯೂ ನಿಂತೆ. ಅತ್ತೆ ಅವಸರ ಮಾಡಲಿಲ್ಲ.

ಹಣ್ಣಿನ ಗಾಡಿಯ ಮುಬೀನ ಅತ್ತೆಯನ್ನು ನೋಡಿ, "ಏನ್ರೀ ಅಮ್ಮಾರ, ಖಾನಾವಳಿ ಹೆಂಗ ನಡದೈತ್ರಿ?" ಎಂದ. ಸುತ್ತಲಿನ ಗಾಡಿಯವರೂ ತಿರುಗಿದರು. ಪೇಟೆಯವರೆಗೂ ಸುದ್ದಿ ಬಂದಿದೆ.

ಅತ್ತೆ ನನ್ನ ಕಡೆ ತಿರುಗಿದರು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕೊನೆಗೂ ಕೇಳಿದರು.

"ನಿನಗ ಏನ್ ತಿನಬೇಕು ಅನಸ್ತೈತಿ ಬೇ?"

ಎದುರಿಗೆ ಎಲ್ಲ ಇತ್ತು. ಮಾವು, ಕಲ್ಲಂಗಡಿ, ಕರಬೂಜ, ಚಿಕ್ಕು. ಯಾವುದಕ್ಕೆ ಬೆರಳು ತೋರಿಸಿದರೂ ಆ ಕ್ಷಣ ಸಿಗುತ್ತಿತ್ತು, ಅವರ ಜೀವಕ್ಕೂ ಸಮಾಧಾನವಾಗುತ್ತಿತ್ತು. ನನಗೆ ಬೇಕಾದದ್ದು ಅದಾಗಿರಲಿಲ್ಲ. ಈ ಸಲ ಹೆದರಿಕೆಯೂ ಆಗಲಿಲ್ಲ, ಸುಮ್ಮನೆ ಬಾಯಿಂದ ಬಂತು.

"ಸುಲಗಾಯಿ ರೀ ಅತ್ತೀ. ನಿಡೋಣಿವು."

ಮುಬೀನ ನಕ್ಕುಬಿಟ್ಟ. "ಈಗೆಲ್ಲಿ ಸುಲಗಾಯಿರೀ ಅಕ್ಕಾರ? ಕಡ್ಲಿ ರಾಶಿ ಆಗಿ ತಿಂಗಳ ಮ್ಯಾಲಾತು."

ಅತ್ತೆ ನಗಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಬೆರಳು ಮಡಚಿ ಎಣಿಸತೊಡಗಿದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದರು.

"ಬನದ ಹುಣ್ಣಿಮಿ ಮಟಾ ತಡೀಬೇಕಾಗ್ತೈತಿ" ಎಂದರು. ಅಂದರೆ ಬರುವ ಜನವರಿ. ತಡಿ ಎನ್ನುವ ಮಾತಿಗೆ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

"ತಡೀತೀನ್ರಿ" ಎಂದೆ.

ಅವರು ಇನ್ನೊಮ್ಮೆ ಬೆರಳು ಎಣಿಸಿದರು. ಆಮೇಲೆ ಮುಬೀನನ ಕಡೆ ತಿರುಗಿದರು. ಇಷ್ಟು ದಿನ ಬೆನ್ನುನೋವು ಎಂದು ಓಣಿಗೆಲ್ಲ ಹೇಳಿದವರು, ಆಚೆ ಸಾಲಿನ ಉಳ್ಳಾಗಡ್ಡಿಯವರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದರು.

"ಖಾನಾವಳಿ ಅಲ್ಲೋ ಮುಬೀನ. ನನ್ನ ಸೊಸಿ ಬಸುರಿ ಅದಾಳ. ಸುಲಗಾಯಿ ಬರೂ ಹೊತ್ತಿಗೆ ಕೂಸಿಗೆ ಐದ್ ತಿಂಗಳು ಆಗಿರ್ತೈತಿ."

ಮನೆಗೆ ಬಂದು ಈ ಪುಸ್ತಕದ ಕೊನೆಯ ಪುಟ ತೆರೆದೆ. ಮರೆಯಬಾರದೆಂದು ಅಲ್ಲಿ ಬರೆದಿಟ್ಟಿದ್ದೇನೆ: ಬನದ ಹುಣ್ಣಿಮೆ, ನಿಡೋಣಿ ಹೊಲ, ಸುಲಗಾಯಿ, ನಾಲ್ಕು ಮಂದಿಗೆ. ಕೂಸಿಗೆ ಇನ್ನೂ ಹಲ್ಲು ಬಂದಿರುವುದಿಲ್ಲ, ಅದರ ಪಾಲನ್ನೂ ನಾನೇ ತಿನ್ನುತ್ತೇನೆ.